ಸೈನಿಕರ ದೈಹಿಕ ಪರೀಕ್ಷೆ: ಒಂದು ಅಂಕ, ಎರಡು ಪ್ರಶ್ನೆ

ಅಮೆರಿಕದ ಭೂಸೇನೆಯಲ್ಲಿ 1980ರಿಂದ ಸುಮಾರು ನಾಲ್ಕು ದಶಕಗಳ ಕಾಲ ನಡೆದ ದೈಹಿಕ ಪರೀಕ್ಷೆಯಲ್ಲಿ ಇದ್ದದ್ದು ಮೂರೇ ಅಂಶಗಳು: ಎರಡು ನಿಮಿಷ ಪುಷ್-ಅಪ್, ಎರಡು ನಿಮಿಷ ಸಿಟ್-ಅಪ್ ಮತ್ತು 2 ಮೈಲಿ, ಅಂದರೆ ಸುಮಾರು 3.2 ಕಿ.ಮೀ. ಓಟ. 17ರಿಂದ 21 ವರ್ಷದ ಪುರುಷನು ತೇರ್ಗಡೆಯಾಗಲು ಕನಿಷ್ಠ 42 ಪುಷ್-ಅಪ್ ಮಾಡಬೇಕಿತ್ತು, ಅದೇ ವಯಸ್ಸಿನ ಮಹಿಳೆಗೆ 19 ಸಾಕಾಗಿತ್ತು. ಓಟಕ್ಕೆ ಪುರುಷನಿಗೆ 15 ನಿಮಿಷ 54 ಸೆಕೆಂಡುಗಳ ಗಡುವಿದ್ದರೆ ಮಹಿಳೆಗೆ 18 ನಿಮಿಷ 54 ಸೆಕೆಂಡುಗಳ ಗಡುವಿತ್ತು. ತಮ್ಮ ತಮ್ಮ ಗಡುವನ್ನು ಮುಟ್ಟಿದ ಇಬ್ಬರಿಗೂ ಸಿಗುತ್ತಿದ್ದದ್ದು ಒಂದೇ 60 ಅಂಕ. ಈ ವಿವರ ಕೇಳಿದವರಲ್ಲಿ ಕೆಲವರು, ಹೊರೆಯ ತೂಕ ಹೊರುವವರು ಯಾರೆಂದು ನೋಡಿ ಕಡಿಮೆಯಾಗುವುದಿಲ್ಲ, ಹೀಗಿರುವಾಗ ಎರಡು ಅಳತೆಗೋಲು ಏಕೆ ಎಂದು ಕೇಳುತ್ತಾರೆ. ಇನ್ನು ಕೆಲವರು, ದೇಹರಚನೆಯೇ ಬೇರೆ ಇರುವಾಗ ಒಂದೇ ಅಳತೆಗೋಲು ನ್ಯಾಯವಲ್ಲ ಎನ್ನುತ್ತಾರೆ. ಈ ಜಗಳ ದಶಕಗಳಿಂದ ತೀರದೆ ಉಳಿಯಲು ಕಾರಣವೆಂದರೆ, ಎರಡೂ ಕಡೆಯವರು ಉತ್ತರಿಸುತ್ತಿರುವ ಪ್ರಶ್ನೆಗಳೇ ಬೇರೆ ಬೇರೆ.

ಮೊದಲನೆಯ ಪ್ರಶ್ನೆ: ಈ ವ್ಯಕ್ತಿ ತನ್ನ ವಯಸ್ಸಿಗೆ, ತನ್ನ ದೇಹಕ್ಕೆ ತಕ್ಕಷ್ಟು ಆರೋಗ್ಯವಾಗಿ, ಕಸರತ್ತಿನ ಅಭ್ಯಾಸ ಬಿಡದೆ ಇದ್ದಾನೆಯೇ? ಇದಕ್ಕೆ ಉತ್ತರ ಬೇಕಿದ್ದರೆ ಅವನನ್ನು ಅವನಂಥವರ ಜೊತೆಗೇ ಹೋಲಿಸಬೇಕು. 45 ವರ್ಷದವನ ಹೃದಯವನ್ನು 20 ವರ್ಷದವನ ಹೃದಯದೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಎರಡನೆಯ ಪ್ರಶ್ನೆ: ಈ ವ್ಯಕ್ತಿ ಈ ನಿರ್ದಿಷ್ಟ ಕೆಲಸವನ್ನು ಮಾಡಬಲ್ಲನೇ? ಗಾಯಗೊಂಡ ಜೊತೆಗಾರನನ್ನು ಗುಂಡಿನ ದಾರಿಯಿಂದ ಆಚೆಗೆ ಎಳೆಯಬೇಕಾದಾಗ ಎಳೆಯುವವರ ವಯಸ್ಸು ಎಷ್ಟು, ಅವರು ಗಂಡೋ ಹೆಣ್ಣೋ ಎಂಬುದು ಆ ದೇಹದ ತೂಕವನ್ನು ಬದಲಿಸುವುದಿಲ್ಲ. ಮೊದಲನೆಯದನ್ನು ಸಾಪೇಕ್ಷ ಅಳತೆ ಎಂದೂ ಎರಡನೆಯದನ್ನು ಕೆಲಸದ ಮಾನದಂಡ ಎಂದೂ ಕರೆಯೋಣ. ಸಾಪೇಕ್ಷ ಅಳತೆಯಲ್ಲಿ ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಅಂಕಪಟ್ಟಿ ಬದಲಾಗುವುದು ಸಹಜ. ಕೆಲಸದ ಮಾನದಂಡದಲ್ಲಿ ಅದು ಬದಲಾದರೆ ಮಾನದಂಡವೆಂಬ ಮಾತಿಗೇ ಬೆಲೆ ಉಳಿಯುವುದಿಲ್ಲ.

ಒಂದೇ ಮೈದಾನದಲ್ಲಿ ಎರಡು ಬಗೆಯ ತರ್ಕವೂ ಇರಬಹುದೆಂಬುದಕ್ಕೆ ಭಾರತೀಯ ಭೂಸೇನೆಯ ನೇಮಕಾತಿ ರ‍್ಯಾಲಿ ಒಳ್ಳೆಯ ಉದಾಹರಣೆ. ಅಲ್ಲಿ ಬಹುಕಾಲ ನಡೆದುಬಂದ ಕ್ರಮದಂತೆ 1.6 ಕಿ.ಮೀ. ಓಟಕ್ಕೂ ಪುಲ್-ಅಪ್‌ಗೂ ಸಾಧನೆಯ ಮೇಲೆ ಅಂಕಗಳುಂಟು. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ 60, ಹತ್ತು ಪುಲ್-ಅಪ್ ಮಾಡಿದವನಿಗೆ 40. ಆದರೆ 9 ಅಡಿ ಹಳ್ಳ ಜಿಗಿಯುವುದಕ್ಕೂ ಅಂಕುಡೊಂಕಾದ ಕಿರಿದಾದ ತೊಲೆಯ ಮೇಲೆ ಸಮತೋಲನ ತಪ್ಪದೆ ನಡೆಯುವುದಕ್ಕೂ ಅಂಕವಿಲ್ಲ, ತೇರ್ಗಡೆಯಾಗಬೇಕು ಅಷ್ಟೆ. ಹಳ್ಳವನ್ನು ದಾಟಿದವನು ದಾಟಿದ ಹಾಗೆ, ದಾಟದವನು ದಾಟದ ಹಾಗೆ. ಹತ್ತು ಅಡಿ ಜಿಗಿದರೆ ಹೆಚ್ಚಿನ ಲಾಭವೇನೂ ಇಲ್ಲ. ಓಟ ಮತ್ತು ಪುಲ್-ಅಪ್‌ಗಳಲ್ಲಿ ಮಾತ್ರ ಅಭ್ಯರ್ಥಿಗಳನ್ನು ಒಬ್ಬರಿಗೊಬ್ಬರು ಹೋಲಿಸಿ ಮೇಲೆ ಕೆಳಗೆ ಜೋಡಿಸಲಾಗುತ್ತದೆ.

ಓಟವೇ ಎಲ್ಲ ಸೇನೆಗಳ ಪರೀಕ್ಷೆಯಲ್ಲಿ ಇಷ್ಟು ದೊಡ್ಡ ಸ್ಥಾನ ಪಡೆದದ್ದು ಹೇಗೆ ಎಂಬುದನ್ನು ತಿಳಿಯಲು 1968ಕ್ಕೆ ಹೋಗಬೇಕು. ಅಮೆರಿಕದ ವಾಯುಪಡೆಯಲ್ಲಿ ವೈದ್ಯರಾಗಿದ್ದ ಕೆನೆತ್ ಕೂಪರ್ ಆ ವರ್ಷ 115 ಪುರುಷರ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಕಠಿಣ ಶ್ರಮದ ತುತ್ತತುದಿಯಲ್ಲಿ ದೇಹವು ಒಂದು ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬುದು ದಣಿವಿಗೆ ಎದುರಾಗಿ ನಿಲ್ಲುವ ಶಕ್ತಿಯ ಮೂಲ ಅಳತೆ. ಅದನ್ನು ನಿಖರವಾಗಿ ಅಳೆಯಲು ಪ್ರಯೋಗಾಲಯ, ಟ್ರೆಡ್‌ಮಿಲ್, ಉಸಿರನ್ನು ಸಂಗ್ರಹಿಸುವ ಉಪಕರಣ ಎಲ್ಲವೂ ಬೇಕು. 12 ನಿಮಿಷದಲ್ಲಿ ಒಬ್ಬನು ಎಷ್ಟು ದೂರ ಓಡುತ್ತಾನೆಂದು ಅಳೆದರೆ ಆ ಪ್ರಯೋಗಾಲಯದ ಫಲಿತಾಂಶವನ್ನು ಬಹುಮಟ್ಟಿಗೆ ಊಹಿಸಬಹುದೆಂದು ಕೂಪರ್ ತೋರಿಸಿದರು. ಎರಡರ ನಡುವಿನ ಸಹಸಂಬಂಧ 0.897 (1 ಎಂದರೆ ಪೂರ್ಣ ಹೊಂದಾಣಿಕೆ). ಅವರ ಸೂತ್ರದ ಪ್ರಕಾರ 12 ನಿಮಿಷದಲ್ಲಿ 2,400 ಮೀಟರ್ ಓಡುವವನ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 42 ಮಿಲಿಲೀಟರ್ ಆಮ್ಲಜನಕವನ್ನು ಬಳಸಬಲ್ಲದು, 2,800 ಮೀಟರ್ ಓಡುವವನದು ಸುಮಾರು 51. ಒಂದು ಗಡಿಯಾರ, ಅಳೆದ ದಾರಿ, ಇಷ್ಟೇ ಇದ್ದರೆ ಸಾವಿರ ಜನರನ್ನು ಒಂದು ಬೆಳಗಿನಲ್ಲಿ ಪರೀಕ್ಷಿಸಬಹುದು. ಸೇನೆಗಳಿಗೆ ಇದಕ್ಕಿಂತ ಅನುಕೂಲದ ವಿಧಾನ ಬೇರೊಂದಿರಲಿಲ್ಲ.

ಈ ಅನುಕೂಲದ ಒಳಗೇ ಒಂದು ತೊಡಕೂ ಅಡಗಿದೆ. ಪ್ರತಿ ಕಿಲೋಗೆ ಎಂಬ ಮಾತಿನ ಮೇಲೆ ಗಮನವಿಡಬೇಕು. ಓಟದಲ್ಲಿ, ಪುಷ್-ಅಪ್‌ನಲ್ಲಿ, ಪುಲ್-ಅಪ್‌ನಲ್ಲಿ ಮನುಷ್ಯ ಹೊರುವುದು ತನ್ನ ದೇಹವನ್ನು ಮಾತ್ರ. ಆದ್ದರಿಂದ ಹಗುರ ಮೈಕಟ್ಟಿನವರಿಗೆ ಇವು ಅನುಕೂಲ. ಯುದ್ಧಭೂಮಿಯಲ್ಲಿ ಹೊರಬೇಕಾದದ್ದು ದೇಹದ ಜೊತೆಗೆ ರೈಫಲ್, ಗುಂಡು, ನೀರು, ರಕ್ಷಾಕವಚ, ರೇಡಿಯೊ. ಲೆಕ್ಕ ಹಾಕಿ ನೋಡೋಣ. 60 ಕಿಲೋ ತೂಕದ ಒಬ್ಬನ ಸಾಮರ್ಥ್ಯ ಪ್ರತಿ ಕಿಲೋಗೆ 54 ಮಿಲಿಲೀಟರ್ ಎಂದೂ 90 ಕಿಲೋ ತೂಕದ ಇನ್ನೊಬ್ಬನದು 46 ಎಂದೂ ಇಟ್ಟುಕೊಂಡರೆ, ಬರಿಮೈಯ ಓಟದಲ್ಲಿ ಮೊದಲನೆಯವನು ಸುಲಭವಾಗಿ ಮುಂದೆ ಹೋಗುತ್ತಾನೆ. ಒಟ್ಟು ಲೆಕ್ಕದಲ್ಲಿ ಮೊದಲನೆಯವನ ಬಳಿ ಇರುವುದು ನಿಮಿಷಕ್ಕೆ 3.24 ಲೀಟರ್, ಎರಡನೆಯವನ ಬಳಿ 4.14 ಲೀಟರ್. ಈಗ ಇಬ್ಬರ ಬೆನ್ನಿಗೂ 40 ಕಿಲೋ ಹೊರೆಯನ್ನು ಕಟ್ಟಿದರೆ ಮೊದಲನೆಯವನು ಚಲಿಸಬೇಕಾದದ್ದು 100 ಕಿಲೋ, ಎರಡನೆಯವನು 130 ಕಿಲೋ. ಹೊತ್ತ ಒಟ್ಟು ತೂಕದ ಪ್ರತಿ ಕಿಲೋಗೆ ಇಬ್ಬರ ಪಾಲಿಗೂ ಉಳಿಯುವುದು ಸುಮಾರು 32 ಮಿಲಿಲೀಟರ್. ಅಲ್ಲಿಗೆ ಓಟದಲ್ಲಿ ಕಂಡ ಅಂತರವೆಲ್ಲ ಮಾಯವಾಗುತ್ತದೆ. ಓಟದ ಅಂಕವನ್ನಷ್ಟೇ ನಂಬಿ ಎರಡನೆಯವನನ್ನು ಹೊರಗಿಟ್ಟ ಸೇನೆ, ಹೊರೆ ಹೊತ್ತು ನಡೆಯಬೇಕಾದ ದಿನ ಅಷ್ಟೇ ಸಮರ್ಥನಾದ ಒಬ್ಬನನ್ನು ಕಳೆದುಕೊಂಡಿರುತ್ತದೆ. ಇದು ಪರೀಕ್ಷೆ ರೂಪಿಸುವವರು ಅತಿ ಸುಲಭವಾಗಿ ಮರೆಯುವ ಸಂಗತಿಯೆಂದು ನನ್ನ ಅಭಿಪ್ರಾಯ.

ಹೊರೆ ಹೊತ್ತು ನಡೆಯುವ ದಿನವೆಂಬುದು ಹಳೆಯ ಕಾಲದ ಮಾತು, ಈಗ ವಾಹನ, ಹೆಲಿಕಾಪ್ಟರ್‌ಗಳಿವೆ ಎನ್ನುವವರಿಗೆ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ 1982ರ ಫಾಕ್‌ಲ್ಯಾಂಡ್ ಯುದ್ಧ ಉತ್ತರ ಹೇಳುತ್ತದೆ. ಆ ವರ್ಷ ಮೇ 25ರಂದು ಬ್ರಿಟನ್ನಿನ ಅಟ್ಲಾಂಟಿಕ್ ಕನ್ವೇಯರ್ ಹಡಗು ಕ್ಷಿಪಣಿ ದಾಳಿಗೆ ಸಿಕ್ಕಿದಾಗ, ಸೈನಿಕರನ್ನು ಸಾಗಿಸಬೇಕಿದ್ದ ಚಿನೂಕ್ ಹೆಲಿಕಾಪ್ಟರ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಹಡಗಿನೊಂದಿಗೆ ನಾಶವಾದವು. ನಂತರ ಬ್ರಿಟಿಷ್ ನೌಕಾಪಡೆಯ ಕಾಲಾಳುಗಳಾದ ರಾಯಲ್ ಮರೀನ್‌ಗಳು ಸುಮಾರು 36 ಕಿಲೋ ಹೊರೆ ಹೊತ್ತು, ಜೌಗು ಹುಲ್ಲುಗಾವಲಿನ ಮೇಲೆ, ಮೂರು ದಿನಗಳಲ್ಲಿ ಸುಮಾರು 90 ಕಿ.ಮೀ. ನಡೆದರು. ನಡೆದು ಮುಗಿಸಿದ ಮೇಲೆ ಅವರು ಮಾಡಬೇಕಿದ್ದದ್ದು ವಿಶ್ರಾಂತಿಯಲ್ಲ, ಯುದ್ಧ.

ಹಾಗಾದರೆ ಕೆಲಸದ ಮಾನದಂಡವನ್ನು ಕಟ್ಟುವುದು ಹೇಗೆ? ಮೊದಲ ಹೆಜ್ಜೆ ಪ್ರಯೋಗಾಲಯದಲ್ಲಿ ಇಡುವಂಥದ್ದಲ್ಲ, ಆ ಕೆಲಸವನ್ನು ಮಾಡುವವರ ನಡುವೆ ಇಡುವಂಥದ್ದು. ಪದಾತಿ ಸೈನಿಕ, ಫಿರಂಗಿ ದಳದವನು, ಟ್ಯಾಂಕಿನವನು ದಿನವೂ ಏನೇನು ಎತ್ತುತ್ತಾನೆ, ಎಷ್ಟು ಎತ್ತರಕ್ಕೆ, ಎಷ್ಟು ದೂರಕ್ಕೆ, ಎಷ್ಟು ಸಲ, ಎಷ್ಟು ಹೊತ್ತಿನೊಳಗೆ ಎಂಬುದನ್ನು ಪಟ್ಟಿ ಮಾಡಲಾಗುತ್ತದೆ. ಆ ಪಟ್ಟಿಯಲ್ಲಿ ಅಪರೂಪಕ್ಕೊಮ್ಮೆ ಬಂದರೂ ತಪ್ಪಿದರೆ ಪ್ರಾಣಕ್ಕೆ ಎರವಾಗುವ ಕೆಲಸಗಳನ್ನು ಬೇರೆ ಮಾಡಲಾಗುತ್ತದೆ. ಗಾಯಾಳುವನ್ನು ವಾಹನದೊಳಗಿಂದ ಮೇಲಕ್ಕೆತ್ತುವುದು ಅಂಥ ಕೆಲಸ. ಇಡೀ ಸೇವಾವಧಿಯಲ್ಲಿ ಒಮ್ಮೆಯೂ ಬರದೆ ಇರಬಹುದು, ಬಂದಾಗ ಮಾತ್ರ ಎರಡನೆಯ ಅವಕಾಶವಿರುವುದಿಲ್ಲ. ಬಳಿಕ ಅನುಭವಿ ಸೈನಿಕರ ಹೃದಯ ಬಡಿತ, ಆಮ್ಲಜನಕದ ಬಳಕೆ, ಸ್ನಾಯುಗಳ ಮೇಲೆ ಬೀಳುವ ಬಲ ಇವುಗಳನ್ನು ಆ ಕೆಲಸ ಮಾಡುವಾಗಲೇ ಅಳೆಯುತ್ತಾರೆ. ಇಲ್ಲಿ ಅವಧಿಯ ಲೆಕ್ಕವೂ ಸೇರುತ್ತದೆ. ಎಂಟು ಗಂಟೆ ಎಡೆಬಿಡದೆ ಮಾಡಬೇಕಾದ ಕೆಲಸದಲ್ಲಿ ಮನುಷ್ಯ ತನ್ನ ಗರಿಷ್ಠ ಆಮ್ಲಜನಕ ಸಾಮರ್ಥ್ಯದ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಬಳಸಿ ಬಾಳಿಕೆ ಬರಬಲ್ಲ ಎಂಬುದು ಕೆಲಸದ ಶರೀರವಿಜ್ಞಾನದಲ್ಲಿ ರೂಢಿಯಾದ ಅಂದಾಜು. ಅಂದರೆ ದಿನವಿಡೀ ನಡೆಯುವ ಕೆಲಸವೊಂದು ನಿಮಿಷಕ್ಕೆ 1.2 ಲೀಟರ್ ಬೇಡಿದರೆ, ಆ ಸೈನಿಕನ ಗರಿಷ್ಠ ಮಿತಿ 3.6 ಲೀಟರ್ ಆಸುಪಾಸಿನಲ್ಲಿ ಇರಬೇಕು. ಅದೇ ಕೆಲಸ ಅರ್ಧ ಗಂಟೆಯದಾದರೆ ಅಷ್ಟು ದೊಡ್ಡ ಮೀಸಲು ಬೇಕಾಗುವುದಿಲ್ಲ.

ಅಳತೆ ಮುಗಿದ ಮೇಲೆ ದಾರಿ ಎರಡಾಗುತ್ತದೆ. ಆ ಕೆಲಸವನ್ನೇ ಸರಳಗೊಳಿಸಿ ಪರೀಕ್ಷೆಯಾಗಿ ಇಡುವುದು ಒಂದು ದಾರಿ. ಬ್ರಿಟಿಷ್ ಭೂಸೇನೆ 2019ರಲ್ಲಿ ಹಳೆಯ ಪ್ರೆಸ್-ಅಪ್, ಸಿಟ್-ಅಪ್, ಒಂದೂವರೆ ಮೈಲಿ ಓಟದ ಪರೀಕ್ಷೆಯನ್ನು ಬದಿಗಿಟ್ಟು ಈ ದಾರಿ ಹಿಡಿಯಿತು. ಸಮೀಪದ ಕದನದಲ್ಲಿ ಭಾಗಿಯಾಗುವ ಸೈನಿಕರು 40 ಕಿಲೋ ಹೊರೆಯೊಂದಿಗೆ 4 ಕಿ.ಮೀ. ದೂರವನ್ನು 50 ನಿಮಿಷದಲ್ಲಿ ಕ್ರಮಿಸಿ, ಹೊರೆಯನ್ನು 25 ಕಿಲೋಗೆ ಇಳಿಸಿ ಇನ್ನೂ 2 ಕಿ.ಮೀ. ದೂರವನ್ನು 15 ನಿಮಿಷದಲ್ಲಿ ಮುಗಿಸಬೇಕು; ನಂತರ ನೀರಿನ ಕ್ಯಾನುಗಳನ್ನು ಹೊರುವುದು, ಚೀಲಗಳನ್ನು ಎತ್ತಿ ಸಾಗಿಸುವುದು, 110 ಕಿಲೋ ತೂಕದ ಗಾಯಾಳು ಗೊಂಬೆಯನ್ನು 20 ಮೀಟರ್ ಎಳೆಯುವುದು ಇತ್ಯಾದಿ. ಈ ಅಳತೆ ಗಂಡಿಗೂ ಹೆಣ್ಣಿಗೂ ಒಂದೇ. 2018ರ ಅಕ್ಟೋಬರ್‌ನಲ್ಲಿ ಬ್ರಿಟನ್ ತನ್ನ ಎಲ್ಲ ಸೇನಾ ಹುದ್ದೆಗಳನ್ನು ಮಹಿಳೆಯರಿಗೆ ತೆರೆದ ಹಿನ್ನೆಲೆಯಲ್ಲಿ ಇದನ್ನು ನೋಡಬೇಕು: ಬಾಗಿಲು ಎಲ್ಲರಿಗೂ ತೆರೆದ ಮೇಲೆ ಹೊಸ್ತಿಲಿನ ಎತ್ತರಕ್ಕೆ ಕಾರಣ ಕೊಡಬೇಕಾಗುತ್ತದೆ. ಎರಡನೆಯ ದಾರಿಯಲ್ಲಿ, ಕೆಲಸದಂತೆ ಕಾಣದಿದ್ದರೂ ಆ ಕೆಲಸದ ಸಾಮರ್ಥ್ಯವನ್ನು ಮುನ್ಸೂಚಿಸುವ ಸರಳ ಪರೀಕ್ಷೆಗಳನ್ನು ಆರಿಸುತ್ತಾರೆ. ಅಮೆರಿಕದ ಭೂಸೇನೆ 2017ರಿಂದ ಹೊಸಬರನ್ನು ಯಾವ ಹುದ್ದೆಗೆ ಹಾಕಬೇಕೆಂದು ನಿರ್ಧರಿಸಲು ನಿಂತಲ್ಲಿಂದ ಉದ್ದ ಜಿಗಿತ, ಕುಳಿತು ಭಾರದ ಚೆಂಡನ್ನು ಎಸೆಯುವುದು, ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ ಮತ್ತು ಎರಡು ಗೆರೆಗಳ ನಡುವೆ ಹಿಂದೆ ಮುಂದೆ ಓಡುತ್ತ ಹಂತ ಹಂತವಾಗಿ ವೇಗ ಹೆಚ್ಚಿಸುವ ಶಟಲ್ ಓಟವನ್ನು ಬಳಸಿತು. ಫಿರಂಗಿಯ ಗುಂಡನ್ನು ಎತ್ತಲು ಇನ್ನೂ ಕಲಿಯದವನ ಕೈಗೆ ಫಿರಂಗಿಯ ಗುಂಡನ್ನು ಕೊಟ್ಟು ಪರೀಕ್ಷಿಸುವುದು ಅಪಾಯ. ಆದ್ದರಿಂದ ಸೇರ್ಪಡೆಯ ಹಂತದಲ್ಲಿ ಈ ಎರಡನೆಯ ದಾರಿಯೇ ಹೆಚ್ಚು ವಿವೇಕದ್ದು.

ಕೆನಡಾ ಈ ವಿಷಯದಲ್ಲಿ ಎಲ್ಲರಿಗಿಂತ ಸ್ಪಷ್ಟವಾದ ನಿಲುವಿಗೆ ಬರಲು ನ್ಯಾಯಾಲಯದ ತೀರ್ಪೊಂದರ ಪ್ರಭಾವವಿದೆ, ಆ ತೀರ್ಪು ಸೈನಿಕರದ್ದಲ್ಲದಿದ್ದರೂ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕಾಡ್ಗಿಚ್ಚು ನಂದಿಸುವ ತಂಡದಲ್ಲಿದ್ದ ಮಹಿಳೆಯೊಬ್ಬರು ಅದಾಗಲೇ ಸಮರ್ಪಕವಾಗಿ ಕೆಲಸ ಮಾಡುತ್ತಿದ್ದರೂ, ಹೊಸದಾಗಿ ಬಂದ ಪರೀಕ್ಷೆಯಲ್ಲಿ 2.5 ಕಿ.ಮೀ. ದೂರವನ್ನು 11 ನಿಮಿಷದಲ್ಲಿ ಓಡಲಾಗದೆ, ತಮ್ಮ ಅತ್ಯುತ್ತಮ ಪ್ರಯತ್ನದಲ್ಲೂ 49.4 ಸೆಕೆಂಡುಗಳಿಂದ ಹಿಂದೆ ಬಿದ್ದು ಕೆಲಸ ಕಳೆದುಕೊಂಡರು. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಕಠಿಣ ಮಾನದಂಡ ಇರಬಾರದೆಂದು ನ್ಯಾಯಾಲಯ ಹೇಳಲಿಲ್ಲ. ಆ 11 ನಿಮಿಷದ ಗಡುವು ಕಾಡ್ಗಿಚ್ಚನ್ನು ಸುರಕ್ಷಿತವಾಗಿ ನಂದಿಸಲು ನಿಜವಾಗಿಯೂ ಅಗತ್ಯವೆಂದು ಸರ್ಕಾರ ಸಾಬೀತುಪಡಿಸಿಲ್ಲ ಎಂದಿತು. ಮಾನದಂಡ ಹಾಕಿದವರೇ ಅದಕ್ಕೆ ಸಮರ್ಥನೆ ಒದಗಿಸಬೇಕೆಂಬ ಈ ತತ್ವ ಅಲ್ಲಿನ ಎಲ್ಲ ಸಾರ್ವಜನಿಕ ಉದ್ಯೋಗಗಳಿಗೂ ಹರಡಿತು. 2013ರಲ್ಲಿ ಕೆನಡಾದ ಸೇನಾಪಡೆಗಳು ತಂದ ಪರೀಕ್ಷೆಯಲ್ಲಿ ನಾಲ್ಕೇ ಅಂಶಗಳು: ಬಿದ್ದೆದ್ದು ಓಡುವುದು, 20 ಕಿಲೋ ಮರಳಿನ ಚೀಲವನ್ನು ಮೂವತ್ತು ಸಲ ಎತ್ತುವುದು, ಮರಳಿನ ಚೀಲ ಹೊತ್ತು ಮತ್ತು ಹೊರದೆ ಸರದಿಯ ಮೇಲೆ 400 ಮೀಟರ್ ಓಡಾಡುವುದು, ಚೀಲಗಳನ್ನು ಒಟ್ಟಾಗಿ 20 ಮೀಟರ್ ಎಳೆಯುವುದು. ವಯಸ್ಸು, ಲಿಂಗ ಯಾವುದರ ಮೇಲೂ ಕನಿಷ್ಠ ಮಿತಿ ಬದಲಾಗುವುದಿಲ್ಲ. ಆದರೆ ಕನಿಷ್ಠವನ್ನು ದಾಟಿದ ಮೇಲೆ, ಅದೇ ಪರೀಕ್ಷೆಯ ಫಲಿತಾಂಶವನ್ನು ಅದೇ ವಯಸ್ಸಿನ, ಅದೇ ಲಿಂಗದ ಸೈನಿಕರೊಂದಿಗೆ ಹೋಲಿಸಿ ಕಂಚು, ಬೆಳ್ಳಿ, ಚಿನ್ನದಂಥ ಪ್ರೋತ್ಸಾಹಕ ಹಂತಗಳನ್ನೂ ಅವರು ಇಟ್ಟಿದ್ದಾರೆ. ಒಂದೇ ಪರೀಕ್ಷೆಯಿಂದ ಎರಡು ಪ್ರಶ್ನೆಗಳಿಗೂ ಉತ್ತರ ಪಡೆದು, ಒಂದನ್ನು ಇನ್ನೊಂದರಲ್ಲಿ ಬೆರೆಸದೆ ಇಟ್ಟ ಈ ಏರ್ಪಾಡು ನಾನು ಬಲ್ಲ ವ್ಯವಸ್ಥೆಗಳಲ್ಲೆಲ್ಲ ಅಚ್ಚುಕಟ್ಟಾದದ್ದು.

ಅಮೆರಿಕದ ದಾರಿ ಅಷ್ಟು ನೇರವಾಗಿರಲಿಲ್ಲ. 2018ರಲ್ಲಿ ಅಲ್ಲಿನ ಭೂಸೇನೆ ಹಳೆಯ ಮೂರಂಶದ ಪರೀಕ್ಷೆಗೆ ಬದಲಾಗಿ ಆರಂಶದ ಹೊಸ ಯುದ್ಧ ಸಾಮರ್ಥ್ಯ ಪರೀಕ್ಷೆಯನ್ನು ಘೋಷಿಸಿತು. ಡೆಡ್‌ಲಿಫ್ಟ್, ಭಾರದ ಚೆಂಡನ್ನು ಹಿಂದಕ್ಕೆ ಎಸೆಯುವುದು, ಪ್ರತಿ ಸಲ ಕೈಯನ್ನು ನೆಲದಿಂದ ಬಿಡಿಸುವ ಪುಷ್-ಅಪ್, ಓಡುವ, ಎಳೆಯುವ, ಹೊರುವ 250 ಮೀಟರ್‌ಗಳ ಶಟಲ್, ಕಂಬಿಗೆ ಜೋತು ಮೊಣಕಾಲನ್ನು ಮೊಣಕೈಗೆ ತಾಗಿಸುವ ಲೆಗ್ ಟಕ್ ಮತ್ತು ಬಿಡದೆ ಉಳಿದುಬಂದ 2 ಮೈಲಿ ಓಟ. ಮೊದಲ ಯೋಜನೆಯಲ್ಲಿ ವಯಸ್ಸು, ಲಿಂಗದ ಭೇದವಿರಲಿಲ್ಲ. ಹುದ್ದೆ ಎಷ್ಟು ಭಾರದ್ದು ಎಂಬುದರ ಮೇಲೆ ಮೂರು ಮಟ್ಟಗಳಿದ್ದವು. ಅಂದರೆ ಇದು ಕೆಲಸದ ಮಾನದಂಡವಾಗಲು ಹೊರಟಿತ್ತು. ಆದರೆ ಅದೇ ಪರೀಕ್ಷೆ ಕಚೇರಿಯ ಗುಮಾಸ್ತನಿಗೂ ಪದಾತಿ ಸೈನಿಕನಿಗೂ ನಡೆಯಬೇಕಿತ್ತು, ಬಡ್ತಿಗೂ ಅದೇ ಅಂಕ ಲೆಕ್ಕಕ್ಕೆ ಬರಬೇಕಿತ್ತು. ಮಹಿಳೆಯರಲ್ಲಿ ಅನುತ್ತೀರ್ಣರಾದವರ ಪ್ರಮಾಣ ಎದ್ದುಕಾಣುವಷ್ಟು ಹೆಚ್ಚಾದಾಗ, ಅಮೆರಿಕದ ಸಂಸತ್ತು ಸ್ವತಂತ್ರ ಅಧ್ಯಯನಕ್ಕೆ ಆದೇಶಿಸಿತು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2022ರಲ್ಲಿ ಕೊಟ್ಟ ವರದಿ, ಎಲ್ಲ ಅಂಶಗಳೂ ಯುದ್ಧದ ಕೆಲಸಗಳನ್ನು ಮುನ್ಸೂಚಿಸುತ್ತವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತೋರಿಸಿತು.

ಲೆಗ್ ಟಕ್‌ನ ಕಥೆಯೊಂದೇ ಇಡೀ ಸಮಸ್ಯೆಯನ್ನು ಅರ್ಥಮಾಡಿಸುತ್ತದೆ. ಅದನ್ನು ಇಟ್ಟದ್ದು ಹೊಟ್ಟೆ ಮತ್ತು ಸೊಂಟದ ಸ್ನಾಯುಗಳ ಬಲವನ್ನು ಅಳೆಯಲು. ಆದರೆ ಕಂಬಿಗೆ ಜೋತುಬೀಳಲು ಬೇಕಾದ ಹಿಡಿತ ಮತ್ತು ತೋಳಿನ ಬಲ ಇಲ್ಲದವನು ಹೊಟ್ಟೆಯ ಬಲ ಎಷ್ಟೇ ಇದ್ದರೂ ಒಮ್ಮೆಯೂ ಮೊಣಕಾಲು ಮೇಲೆತ್ತಲಾರ. ಅಂಥವನ ಹಾಳೆಯಲ್ಲಿ ಬರುವ ಸೊನ್ನೆ ಅವನ ಹೊಟ್ಟೆಯ ಸ್ನಾಯುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಳೆಯಬೇಕಾದದ್ದನ್ನು ಅಳೆಯದ ಪರೀಕ್ಷೆ ಎಷ್ಟೇ ಕಠಿಣವಾಗಿದ್ದರೂ ಪ್ರಯೋಜನವಿಲ್ಲ. 2022ರಲ್ಲಿ ಅದನ್ನು ತೆಗೆದು, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿಡುವ ಪ್ಲ್ಯಾಂಕ್ ತಂದರು. ಅಂಕಪಟ್ಟಿಗಳು ಮತ್ತೆ ವಯಸ್ಸು, ಲಿಂಗದ ಆಧಾರಕ್ಕೆ ಮರಳಿದವು. ಬಳಿಕ 2025ರ ಜೂನ್‌ನಲ್ಲಿ ಚೆಂಡಿನ ಎಸೆತವನ್ನೂ ಕೈಬಿಟ್ಟು ಪರೀಕ್ಷೆ ಐದಂಶಕ್ಕೆ ಇಳಿಯಿತು. 21 ಯುದ್ಧ ಹುದ್ದೆಗಳಿಗೆ ಲಿಂಗಭೇದವಿಲ್ಲದ ಹೆಚ್ಚಿನ ಮಿತಿಯನ್ನು, ಅಂದರೆ ಒಟ್ಟು 350 ಅಂಕಗಳನ್ನು ಗೊತ್ತುಪಡಿಸಿದರೆ, ಉಳಿದವರಿಗೆ 300 ಅಂಕಗಳ ಮಿತಿ ಉಳಿಯಿತು. ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಯುದ್ಧ ಹುದ್ದೆಗಳ ಈ ಪಟ್ಟಿಯಲ್ಲೂ ವಯಸ್ಸಿನ ರಿಯಾಯಿತಿ ಹಾಗೆಯೇ ಇದೆ. ಕೆಲಸದ ತೂಕ ವಯಸ್ಸನ್ನೂ ನೋಡುವುದಿಲ್ಲ ಎಂಬ ತರ್ಕವನ್ನು ಕೊನೆಯವರೆಗೆ ಹಿಡಿದರೆ, ಇದು ಅರ್ಧ ದಾರಿಯಲ್ಲಿ ನಿಂತ ಮಾನದಂಡ.

ಕನಿಷ್ಠ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ವಿಜ್ಞಾನವೊಂದೇ ಉತ್ತರಿಸಬಲ್ಲ ಪ್ರಶ್ನೆಯಲ್ಲ. ಸಾವಿರ ಅಭ್ಯರ್ಥಿಗಳಲ್ಲಿ ನಿಜವಾಗಿ ಕೆಲಸ ಮಾಡಬಲ್ಲವರು 700 ಮಂದಿ ಇದ್ದಾರೆಂದೂ ನಮ್ಮ ಪರೀಕ್ಷೆ ನೂರಕ್ಕೆ ತೊಂಬತ್ತು ಸಲ ಸರಿಯಾಗಿ ಹೇಳುತ್ತದೆಂದೂ ಊಹಿಸೋಣ. ಆಗ 70 ಮಂದಿ ಸಮರ್ಥರು ಅನುತ್ತೀರ್ಣರಾಗುತ್ತಾರೆ, 30 ಮಂದಿ ಅಸಮರ್ಥರು ತೇರ್ಗಡೆಯಾಗುತ್ತಾರೆ. ಗೆರೆಯನ್ನು ಮೇಲಕ್ಕೆ ಸರಿಸಿದರೆ ಎರಡನೆಯ ಸಂಖ್ಯೆ ಇಳಿದು ಮೊದಲನೆಯದು ಏರುತ್ತದೆ. ಕೆಳಕ್ಕೆ ಸರಿಸಿದರೆ ಅದರ ತಿರುಗುಮುರುಗು. ಎರಡೂ ತಪ್ಪುಗಳನ್ನು ಒಟ್ಟಿಗೆ ಇಳಿಸಲು ಉತ್ತಮ ಪರೀಕ್ಷೆ ಬೇಕೇ ಹೊರತು ಎತ್ತರದ ಗೆರೆಯಿಂದ ಅದು ಸಾಧ್ಯವಿಲ್ಲ. ಯಾವ ತಪ್ಪಿಗೆ ಹೆಚ್ಚಿನ ಬೆಲೆ ಎಂಬುದನ್ನು ಸೇನೆ ತಾನೇ ನಿರ್ಧರಿಸಿ, ಆ ನಿರ್ಧಾರವನ್ನು ಬಾಯಿಬಿಟ್ಟು ಹೇಳಬೇಕು.

ಗೆರೆ ಸರಿಯಾಗಿದ್ದರೂ ಪರೀಕ್ಷೆ ನಡೆಸುವ ರೀತಿ ಅದನ್ನು ಕೆಡಿಸಬಹುದು. ದಾರಿಯನ್ನು ನೂರಕ್ಕೆ ಒಂದರಷ್ಟು ಉದ್ದವಾಗಿ ಅಳೆದುಬಿಟ್ಟರೆ ಹದಿನಾರು ನಿಮಿಷದ ಓಟಕ್ಕೆ ಹತ್ತು ಸೆಕೆಂಡಿನ ಸಮೀಪ ಸೇರಿಕೊಳ್ಳುತ್ತದೆ, ಅದು ಒಬ್ಬನ ಬಡ್ತಿಯನ್ನು ತಪ್ಪಿಸಲು ಸಾಕು. ಸೆಖೆಯ ವಿಷಯ ಇನ್ನೂ ಗಂಭೀರ. ಬರಿಯ ಥರ್ಮಾಮೀಟರು ತೋರಿಸುವ ತಾಪಮಾನದಿಂದ ಅಪಾಯ ತಿಳಿಯುವುದಿಲ್ಲವೆಂದು 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಉಷ್ಣಾಘಾತವನ್ನು ತಡೆಯಲು ಹೊರಟವರು ಕಂಡುಕೊಂಡು ಹೊಸ ಸೂಚ್ಯಂಕವೊಂದನ್ನು ರೂಪಿಸಿದರು. ಬಿಸಿಲಿನಲ್ಲಿ ಅದರ ಹತ್ತರಲ್ಲಿ ಏಳು ಪಾಲು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನದು, ಎರಡು ಪಾಲು ಬಿಸಿಲಿಗಿಟ್ಟ ಕಪ್ಪು ಗೋಳದ್ದು, ಒಂದೇ ಪಾಲು ಸಾಮಾನ್ಯ ತಾಪಮಾನದ್ದು. ಒದ್ದೆ ಬಟ್ಟೆಗೆ ಇಷ್ಟು ತೂಕ ಕೊಡಲು ಕಾರಣ ಬೆವರು: ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಗಡುವಿನ ಭಯಕ್ಕೆ ಸಿಕ್ಕಿದ ಸೈನಿಕ ತನ್ನ ದೇಹದ ಎಚ್ಚರಿಕೆಗಳಿಗೆ ಕಿವಿಗೊಡದೆ ಓಡುತ್ತಾನಾದ್ದರಿಂದ, ನಿಲ್ಲಿಸುವ ಹೊಣೆ ಪರೀಕ್ಷಕರ ಮೇಲೆ ಬೀಳುತ್ತದೆ. 2013ರ ಜುಲೈನಲ್ಲಿ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ವಿಶೇಷ ಪಡೆಯ ಆಯ್ಕೆಗಾಗಿ ಹೊರೆ ಹೊತ್ತು ನಡೆದ ಮೂವರು ಮೀಸಲು ಸೈನಿಕರು ಬಿಸಿಲಿನ ಬೇಗೆಯ ದಿನ ಕುಸಿದು ಪ್ರಾಣ ಕಳೆದುಕೊಂಡದ್ದನ್ನು ಮಾನದಂಡ ಬರೆಯುವ ಯಾರೂ ಮರೆಯಬಾರದು.

ಇನ್ನೊಂದು ಹಾನಿ ನಿಧಾನವಾಗಿ ಬರುತ್ತದೆ. ಪರೀಕ್ಷೆ ಯಾವುದನ್ನು ಅಳೆಯುತ್ತದೋ ಅದನ್ನೇ ತರಬೇತಿಯೂ ಹಿಂಬಾಲಿಸುತ್ತದೆ. ಓಟಕ್ಕೆ ಮಾತ್ರ ಅಂಕವಿದ್ದರೆ ದಳಗಳು ಓಡುತ್ತಲೇ ಇರುತ್ತವೆ. ಕಾಲಿನ ಮೂಳೆಗಳಿಗೆ ಚೇತರಿಸಿಕೊಳ್ಳಲು ಬಿಡುವು ಸಿಗದೆ ಕೂದಲೆಳೆಯಂಥ ಬಿರುಕುಗಳು ಬೀಳುತ್ತವೆ, ಎತ್ತುವ ಹೊರುವ ಬಲ ಬೆಳೆಯದೆ ಉಳಿಯುತ್ತದೆ. ಪರೀಕ್ಷೆಯಲ್ಲಿ ಭಾರ ಎಳೆಯುವುದು ಬಂದ ಕೂಡಲೇ ಮೈದಾನದಲ್ಲಿ ಮರಳಿನ ಚೀಲಗಳು ಕಾಣಿಸಿಕೊಳ್ಳುತ್ತವೆ. ಆ ಅರ್ಥದಲ್ಲಿ ಮಾನದಂಡ ಬರೆಯುವವರು ಮುಂದಿನ ಹತ್ತು ವರ್ಷಗಳ ಬೆಳಗಿನ ಕಸರತ್ತನ್ನೂ ಬರೆಯುತ್ತಿರುತ್ತಾರೆ.

ಮಾನದಂಡವನ್ನು ಮತ್ತೆ ಮತ್ತೆ ಅಳೆದು ನೋಡಬೇಕಾದದ್ದೂ ಇದೇ ಕಾರಣಕ್ಕೆ. ಗಾಯಾಳು ಗೊಂಬೆಯ ತೂಕ 110 ಕಿಲೋ ಏಕೆ ಎಂದು ಕೇಳಿದರೆ, ನೆಲಕ್ಕೆ ಬಿದ್ದ ಸೈನಿಕನ ತೂಕ ಅವನ ದೇಹದ ತೂಕವಷ್ಟೇ ಅಲ್ಲ, ಅವನು ತೊಟ್ಟ ಕವಚ, ಹೊತ್ತ ಶಸ್ತ್ರ, ಸೊಂಟದ ಗುಂಡುಗಳೆಲ್ಲ ಅದರಲ್ಲಿ ಸೇರಿವೆ ಎಂಬುದೇ ಉತ್ತರ. ನಾಳೆ ಕವಚ ಐದು ಕಿಲೋ ಹಗುರವಾದರೆ ಗೊಂಬೆಯೂ ಐದು ಕಿಲೋ ಹಗುರವಾಗಬೇಕು. ಹೊಸ ಉಪಕರಣ ಬಂದು ಹೊರೆ ಹೆಚ್ಚಿದರೆ ಗೊಂಬೆಯ ಮೈಗೂ ಅಷ್ಟೇ ಮರಳನ್ನು ತುಂಬಬೇಕು.